ತೋರಣಕ್ಕೆ ಕಟ್ಟಿದ ಸುಳ್ಳು

ಅಮೀರ್‌ಪೇಟ್‌ನ ಹಾಸ್ಟೆಲ್ಲುಗಳ ಹಿಂದಿನ ಗಲ್ಲಿಯಲ್ಲಿ ಅಮರಯ್ಯನದೊಂದು ಹಿಟ್ಟಿನ ಗಿರಣಿ. ಗಿರಣಿಯ ಮೇಲಿನ ಎರಡು ಕೋಣೆಗಳೇ ಮನೆ. ಕೆಳಗೆ ಗಿರಣಿ ಓಡಲು ಶುರುವಾದರೆ ಮೇಲೆ ಅಡುಗೆಮನೆಯ ಡಬ್ಬಿಗಳು ಗಡಗಡ ಅನ್ನುತ್ತಿದ್ದವು. ಆ ಸದ್ದಿನಲ್ಲೇ ಅವನ ಹೆಂಡತಿ ಶಿವದೇವಿ ಕಿಟಕಿ ಪಕ್ಕ ಮಷೀನು ಇಟ್ಟುಕೊಂಡು ಹೊಲಿಯುತ್ತ ಕೂರುತ್ತಿದ್ದಳು. ಮುದಗಲ್ ಹತ್ತಿರದ ಹಳ್ಳಿಯಿಂದ ಈ ತೆಲುಗು ಪಟ್ಟಣಕ್ಕೆ ಮದುವೆಯಾಗಿ ಬಂದವಳು. ಅವಳು ಬಂದಾಗ ಆ ಬೀದಿಯಲ್ಲಿ ಸಂಸಾರಸ್ಥರ ಸಾಲುಮನೆಗಳಿದ್ದವು. ನೋಡನೋಡುತ್ತ ಅವೆಲ್ಲ ಹಾಸ್ಟೆಲ್ಲುಗಳಾದವು. ಗೋಡೆ ತುಂಬ ಜಾವಾ, ಒರಾಕಲ್, ಟೆಸ್ಟಿಂಗ್ ಅಂತ ಬೋರ್ಡು ಬಿದ್ದವು. ಎಲ್ಲೆಲ್ಲಿಂದಲೋ ಹುಡುಗಿಯರು ಸೂಟ್‌ಕೇಸ್ ಎಳೆದುಕೊಂಡು ಬಂದು ತುಂಬಿದರು. ಇಂಟರ್‌ವ್ಯೂಗೆ ಹೋಗುವ ಮುಂಚೆ ಚೂಡಿದಾರದ ತೋಳು ಬಿಗಿ ಮಾಡಿಸುವುದಕ್ಕೆ, ಸೀರೆಗೆ ಫಾಲ್ ಹಚ್ಚಿಸುವುದಕ್ಕೆ ಅವರಿಗೆಲ್ಲ ಶಿವದೇವಿಯೇ ಬೇಕು.

ಅವಳಿಗೆ ಆ ಕೆಲಸಕ್ಕಿಂತ ಅದರಲ್ಲಿ ಉಳಿಯುವ ಬಟ್ಟೆಯ ಮೇಲೆ ಕಣ್ಣು. ಗಲ್ಲಿಯ ತುದಿಯ ಮ್ಯಾಚಿಂಗ್ ಸೆಂಟರಿನವನೂ ಬ್ಲೌಸ್ ಬಟ್ಟೆ ಕತ್ತರಿಸಿ ಉಳಿದ ತುಂಡುಗಳನ್ನು ಅವಳಿಗೆಂದೇ ಒಂದು ಚೀಲದಲ್ಲಿ ಹಾಕಿಡುತ್ತಿದ್ದ. ಅವನ್ನು ಒಗೆದು, ಇಸ್ತ್ರಿ ಮಾಡಿ, ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಸೇರಿಸಿ ಟ್ರಂಕಿನಲ್ಲಿ ಇಡುವಳು. ಯಾರಾದರೂ ಅದನ್ನು ಚಿಂದಿ ಎಂದರೆ ಆಗುತ್ತಿರಲಿಲ್ಲ. “ಚಿಂದಿ ಅಂದ್ರ ಹರದಿದ್ದು. ಇದು ಹರದಿಲ್ಲ, ಉಳದೈತಿ” ಎನ್ನುವಳು.

ಹಬ್ಬ ಹತ್ತಿರ ಬಂತೆಂದರೆ ಆ ಟ್ರಂಕು ತೆರೆಯುತ್ತಿತ್ತು. ಹಸಿರು ತುಂಡುಗಳು ಮಾವಿನ ಎಲೆಗಳಾಗುತ್ತಿದ್ದವು. ಒಳಗೆ ಅಸ್ತರ ಕೊಟ್ಟು ಎರಡು ಪದರ ಮಾಡಿ ಹೊಲಿದ ಎಲೆ, ಜೋತು ಬೀಳದೆ ನೆಟ್ಟಗೆ ನಿಲ್ಲುತ್ತಿತ್ತು. ನಡುನಡುವೆ ಅರಿಶಿನ ಬಣ್ಣದ ಚೆಂಡುಹೂವು, ಎರಡು ತುದಿಗೂ ಗುಳೇದಗುಡ್ಡದ ಖಣದ ತುಂಡಿನಲ್ಲಿ ಮಾಡಿದ ಗಿಳಿ. ದೀಪಾವಳಿಗೆ ಆ ಗಲ್ಲಿಯ ಹತ್ತಾರು ಬಾಗಿಲುಗಳಿಗೆ ಅವಳದೇ ತೋರಣ.

ಈ ವಿದ್ಯೆ ಅವಳಿಗೆ ಅವ್ವ ಬಂಡೆಮ್ಮನಿಂದ ಬಂದದ್ದು. ಊರಿನಲ್ಲಿ ಯಾರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವುದಿದ್ದರೂ ಖಣದ ತುಂಡು ಜೋಡಿಸಿ ತಲೆಗೆ ಹಾಕುವ ಕುಂಚಿಗೆ ಹೊಲಿದುಕೊಡುತ್ತಿದ್ದವಳು ಬಂಡೆಮ್ಮ. ಮದುವೆಗೆ ಹೊದೆಯುವ ಕೌದಿ, ಹಬ್ಬಕ್ಕೆ ತೋರಣ. ಮಗಳನ್ನು ಹೊಸ್ತಿಲ ಬೆಳಕಿನಲ್ಲಿ ಕೂರಿಸಿಕೊಂಡು ಸೂಜಿ ಕೈಗೆ ಕೊಟ್ಟಳು. ಎಲೆಯೊಂದು ಸೊಟ್ಟಗಾದರೆ ಬೈಯುತ್ತಿರಲಿಲ್ಲ. ಹಲ್ಲಿನಿಂದ ದಾರ ಕಡಿದು, ಅಷ್ಟೂ ಬಿಚ್ಚಿ, ಮಗಳ ಮಡಿಲಿಗೆ ವಾಪಸು ಹಾಕುವಳು. ಮಗಳು ಮೂಗು ಒರೆಸಿಕೊಳ್ಳುತ್ತ ಮೊದಲಿಂದ ಹೊಲಿಯುವಳು. ಬಂಡೆಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವಳದೊಂದು ಫೋಟೋ ಕೂಡ ಯಾರೂ ತೆಗೆದಿರಲಿಲ್ಲ.

ಮೈಸೂರಿನ ಹುಡುಗಿ ಹರ್ಷಿತಾ ಎದುರಿನ ಹಾಸ್ಟೆಲ್ಲಿನಲ್ಲಿ ಇದ್ದವಳು. ಒಂದು ದಿನ ಚೂಡಿದಾರ ಹಿಡಿದು ಮೇಲೆ ಹತ್ತಿ ಬಂದಳು. ಶಿವದೇವಿ ಗಂಡನ ಜೊತೆ ಕನ್ನಡದಲ್ಲಿ ಜಗಳವಾಡುವುದನ್ನು ಕೇಳಿ, ಖುಷಿಯಿಂದ ಅಲ್ಲೇ ಕೂತುಬಿಟ್ಟಳು. ಆಮೇಲೆ ವಾರಕ್ಕೊಮ್ಮೆ ರೊಟ್ಟಿ ಊಟಕ್ಕೆ ಅಲ್ಲಿಗೇ. ಮಾದಾಪುರದ ದೊಡ್ಡ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಬೇರೆ ಕಡೆ ಮನೆ ಮಾಡಿದ ಮೇಲೂ ಭಾನುವಾರ ಬರುವುದನ್ನು ಬಿಡಲಿಲ್ಲ.

ಒಂದು ಭಾನುವಾರ ಊಟ ಮಾಡುತ್ತ ಅವಳೇ ಮಾತು ತೆಗೆದಳು. “ಆಂಟಿ, ನಮ್ಮ ಆಫೀಸಲ್ಲಿ ದೀಪಾವಳಿಗೆ ಮೇಳ ಇದೆ. ನಿಮ್ಮ ತೋರಣ ಇಟ್ರೆ ಒಂದೂ ಉಳಿಯಲ್ಲ.”

“ಕಂಪ್ನಿ ಮಂದಿ ಇದನ್ನ ಬಾಗಲಕ್ಕ ಕಟ್ಕೊಂತಾರೇನವ್ವಾ?”

“ಕಟ್ಕೋತಾರೆ ಆಂಟಿ. ನೀವು ಹೊಲೀರಿ, ಮಿಕ್ಕಿದ್ದು ನಾನು ನೋಡ್ಕೋತೀನಿ.”

ಮಿಕ್ಕಿದ್ದನ್ನು ಅವಳು ನೋಡಿಕೊಂಡಿದ್ದರೆ ಈ ಕಥೆ ಹೇಳುವ ಅಗತ್ಯ ಬರುತ್ತಿರಲಿಲ್ಲ.

ಮುಂದಿನ ವಾರ ಹರ್ಷಿತಾಳ ಜೊತೆ ಪ್ರಹ್ಲಾದ ಎನ್ನುವವನು ಬಂದ. ಬೆಂಗಳೂರಿನವನು, ಹರ್ಷಿತಾಳೂ ಇದ್ದ ಕಂಪನಿಯ ಸಮಾಜಸೇವೆಯ ತಂಡಕ್ಕೆ ಅವನೇ ಮುಖ್ಯಸ್ಥ. ಕೊರಳಲ್ಲಿ ದೊಡ್ಡ ಕ್ಯಾಮೆರಾ. ಶಿವದೇವಿ ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಬಂದಿದ್ದಳು. ಹಣೆ ಬರಿದು, ಮೈಮೇಲೆ ಮನೆಯಲ್ಲಿ ಉಡುವ ಹಳೆಯ ಸೀರೆ, ತಾಳಿ ಸೆರಗಿನೊಳಗೆ. ಅವರು ಬರುವ ಹೊತ್ತಿಗೆ ಒಂದು ಗಿಳಿಗೆ ಕೊಕ್ಕು ಕೂರಿಸುತ್ತ ಕೂತಿದ್ದಳು.

“ಒಂದೀಟು ನಿಂದ್ರಿ, ಕುಂಕುಮ ಹಚ್ಕೊಂಡು ಸೀರಿ ಬದಲಿಸ್ಕೊಂಡು ಬರ್ತೀನಿ” ಎಂದು ಏಳಲು ಹೋದಳು.

“ಬೇಡಮ್ಮ, ಬೇಡ. ಹೀಗೇ ನ್ಯಾಚುರಲ್ ಆಗಿರಲಿ” ಎನ್ನುತ್ತ ಪ್ರಹ್ಲಾದ ಅಷ್ಟರಲ್ಲೇ ನಾಲ್ಕಾರು ಫೋಟೋ ಹೊಡೆದಾಗಿತ್ತು.

ಆಮೇಲೆ ಕೇಳಿದ, “ಹೊಲಿಗೆ ಯಾರು ಕಲಿಸಿದ್ದು?” ಅಷ್ಟು ಕೇಳಿದ್ದೇ ಸಾಕಾಯಿತು. ಶಿವದೇವಿ ಅವ್ವನ ಕಥೆ ಶುರು ಮಾಡಿದಳು. ಹೊಸ್ತಿಲು, ಹಲ್ಲಿನಿಂದ ಕಡಿದ ದಾರ, ಗೌಡರ ಮೊಮ್ಮಗನಿಗೆ ಹೊಲಿದ ಕುಂಚಿಗೆ, ಎಲ್ಲ ಹೇಳಿದಳು. ಕೊಟ್ಟ ಚಹಾ ಅವನ ಮುಂದೆ ತಣ್ಣಗಾಯಿತು. ಅವನು ತಲೆಯಾಡಿಸುತ್ತಿದ್ದ, ಕಣ್ಣು ಮಾತ್ರ ಕ್ಯಾಮೆರಾದ ಮೇಲಿತ್ತು.

“ಮತ್ತೆ, ಜೀವನದಲ್ಲಿ ಏನಾದ್ರೂ ಕಷ್ಟ?” ಎಂದ.

“ಮೊಣಕಾಲು ಭಾಳ ನೋಯ್ತಾವ್ರಿ. ಮೆಟ್ಲ ಏರಾಕ ಆಗಂಗಿಲ್ಲ.”

“ಅದಲ್ಲಮ್ಮ. ದೊಡ್ಡ ಕಷ್ಟ ಏನಾದ್ರೂ?”

ಶಿವದೇವಿ ನಿಜವಾಗಿಯೂ ಯೋಚನೆ ಮಾಡಿದಳು. ಮನೆಗೆ ಬಂದವರು ಕೇಳುತ್ತಿದ್ದಾರೆ, ಏನಾದರೂ ಹೇಳಬೇಕಲ್ಲ. “ಈ ಗಲ್ಲ್ಯಾಗ ನೀರು ದಿನಾ ಬರಂಗಿಲ್ರಿ” ಎಂದಳು. ಪ್ರಹ್ಲಾದ ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಎದ್ದ.

ಮುಂದೆ ದಸರೆ ಮುಗಿಯುವವರೆಗೂ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚದ ಮೇಲೆ ಎಲೆ, ಕಿಟಕಿಯಲ್ಲಿ ಹೂವು, ಅಮರಯ್ಯನ ಅಂಗಿ ತೂಗುವ ಮೊಳೆಗಳಲ್ಲೂ ಗಿಳಿ. ಗಿರಣಿಯ ಹಿಟ್ಟು ತೋರಣಕ್ಕೆ ಹತ್ತೀತೆಂದು ಅವನು ಕೆಳಗೇ ಮೈ ಝಾಡಿಸಿಕೊಂಡು ಮೇಲೆ ಬರಬೇಕಾಗಿತ್ತು. ತೋರಣದ ಜೊತೆ ಆರತಿ ತಟ್ಟೆಗೆ ಹಾಸುವ ಗುಂಡನೆಯ ವಸ್ತ್ರ, ಲಕ್ಷ್ಮೀಪೂಜೆಯ ಮಣೆಗೆ ಹೊದಿಕೆ ಕೂಡ ಹೊಲಿದಳು. ಸೊಟ್ಟಗೆ ಕಂಡದ್ದನ್ನು ಹಲ್ಲಿನಿಂದಲೇ ಕಡಿದು ಬಿಚ್ಚಿದಳು. ಎಲ್ಲವನ್ನೂ ಹಳೆಯ ಪಂಚೆಗಳಲ್ಲಿ ಗಂಟು ಕಟ್ಟಿ ಹರ್ಷಿತಾಳ ಕ್ಯಾಬ್‌ನಲ್ಲಿ ಕಳಿಸಿದ ದಿನ, ಮನೆ ಖಾಲಿಯಾದಂತೆ ಕಂಡಿತು.

ಮೇಳದ ದಿನ ಗಂಡ ಹೆಂಡತಿ ಇಬ್ಬರನ್ನೂ ಹರ್ಷಿತಾ ಕರೆದಿದ್ದಳು. ಗಿರಣಿಗೆ ಬೀಗ ಹಾಕಿದ ಅಮರಯ್ಯ ಬಿಳಿ ಅಂಗಿ, ಬಿಳಿ ಧೋತರ ತೊಟ್ಟು ಹಣೆಗೆ ವಿಭೂತಿ ಹಚ್ಚಿಕೊಂಡ. ಶಿವದೇವಿ ಮಗಳ ಮದುವೆಯಲ್ಲಿ ಉಟ್ಟಿದ್ದ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟಳು. ಬಸ್ಸಿನಲ್ಲಿ ಮಾದಾಪುರಕ್ಕೆ ಹೋಗುವಷ್ಟು ಹೊತ್ತೂ, “ಮಂದಿ ಏನು ಕೇಳ್ತಾರ, ಹ್ಯಾಂಗ ಹೇಳ್ಲಿ, ಹಿಂದಿ ಬಂದೀತೋ ಇಲ್ಲೋ” ಎಂದು ಗಂಡನ ತಲೆ ತಿಂದಳು.

ಗಾಜಿನ ಆ ಕಟ್ಟಡದ ಕೆಳಗಿನ ಹಾಲಿನಲ್ಲಿ ಮೇಳ. ಒಂದು ಕಡೆ ರಂಗೋಲಿ, ಒಂದು ಕಡೆ ಮಿರ್ಚಿ ಬಜ್ಜಿ, ಜಿಲೇಬಿ. ಶಿವದೇವಿಯ ತೋರಣಗಳ ಮುಂದೆ ಎಲ್ಲಕ್ಕಿಂತ ಹೆಚ್ಚು ಜನ. ಅವಳ ಎದೆ ಉಬ್ಬಿತು. ಮೇಜಿನ ಹಿಂದೆ ಆಳೆತ್ತರದ ಫ್ಲೆಕ್ಸು, ಅದರಲ್ಲಿ ಅವಳದೇ ಫೋಟೋ. ಬರಿಹಣೆ, ಹಳೆಯ ಸೀರೆ, ತಗ್ಗಿಸಿದ ಕಣ್ಣು. ಅದರ ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಇದ್ಯಾಕೆ ಇದೇ ಫೋಟೋ ಹಾಕಿದರು ಎಂದು ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಹೋಗಲಿ ಅಂದುಕೊಂಡಳು.

ಮೇಜಿನ ಪಕ್ಕ ನಿಂತಿದ್ದಾಗ ಒಬ್ಬ ಎಳೆಯ ಹೆಂಗಸು ಫೋಟೋ ನೋಡಿ, ಇವಳನ್ನು ನೋಡಿ, ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. ಹಿಂದಿಯಲ್ಲಿ ಕೇಳಿದಳು, “ಅಮ್ಮಾ, ನಿಮ್ಮ ಗಂಡ ತೀರಿಕೊಂಡಾಗ ನಿಮಗೆ ಎಷ್ಟು ವಯಸ್ಸು?”

ತನ್ನ ಹಿಂದಿಯೇ ಕೈಕೊಟ್ಟಿತೇನೋ ಎಂದು ಶಿವದೇವಿಗೆ ಅನುಮಾನ. “ಕ್ಯಾ ಬೋಲೇ?” ಎಂದಳು.

ಆಕೆ ಫ್ಲೆಕ್ಸಿನ ಕಡೆ ಕೈ ತೋರಿಸಿ ಅದನ್ನೇ ಇನ್ನೊಮ್ಮೆ, ಇನ್ನೂ ಮೆಲ್ಲಗೆ ಕೇಳಿದಳು. ಶಿವದೇವಿ ತಿರುಗಿ ನೋಡಿದಳು. ಎರಡು ಮೇಜಿನಾಚೆ ಅಮರಯ್ಯ ಕಾಗದದ ತಟ್ಟೆ ಹಿಡಿದುಕೊಂಡು ಮಿರ್ಚಿ ಬಜ್ಜಿ ತಿನ್ನುತ್ತಿದ್ದ.

“ಹರ್ಷಿತಾ! ಇಲ್ಲಿ ಬಾ.”

ಆ ದನಿಗೆ ಮೇಜಿನ ಸುತ್ತ ಇದ್ದವರೆಲ್ಲ ತಿರುಗಿದರು. ಹರ್ಷಿತಾ ಓಡಿ ಬಂದಳು. ಬರುವಾಗಲೇ ಅವಳ ಮುಖದಲ್ಲಿ ಬಣ್ಣವಿರಲಿಲ್ಲ.

“ಏನು ಬರದಾರ ಅದರಾಗ? ಓದು.”

“ಆಂಟಿ, ಅದು... ಸುಮ್ನೆ ನಿಮ್ಮ ಪರಿಚಯ.”

“ನನ್ನ ಪರಿಚಯ ನನಗ ಗೊತ್ತಿರಬೇಕಲ್ಲ? ಓದು. ಕನ್ನಡದಾಗ ಹೇಳು.”

ಹರ್ಷಿತಾ ಸುತ್ತಲೂ ನೋಡಿದಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನೆಲ ನೋಡುತ್ತ ಹೇಳತೊಡಗಿದಳು. “ಕುಡುಕ ಗಂಡ ಸತ್ತ ಮೇಲೆ ಈಕೆ ಬೀದಿಗೆ ಬಿದ್ದಳು... ಅಂತ ಇದೆ. ಕಸದಲ್ಲಿ ಚಿಂದಿ ಬಟ್ಟೆ ಆರಿಸಿ ಬದುಕ್ತಾ ಇದ್ಲು.” ಅಲ್ಲಿಗೆ ನಿಂತಳು.

“ಮುಂದ?”

“ನಮ್ಮ ಕಂಪನಿಯ ಸ್ವಯಂಸೇವಕರು... ಆಕೆಯ ಕೈಗೆ ಸೂಜಿ ಕೊಟ್ಟು ಹೊಲಿಗೆ ಕಲಿಸಿದರು. ಈಗ ಆಕೆ... ತಲೆ ಎತ್ತಿ ಬದುಕ್ತಿದಾಳೆ.”

ಬಜ್ಜಿಯ ತಟ್ಟೆ ಹಿಡಿದುಕೊಂಡೇ ಬಂದು ಪಕ್ಕ ನಿಂತಿದ್ದ ಅಮರಯ್ಯನಿಗೆ ಮೊದಲು ನಗು ಬಂತು. ಹುಟ್ಟಿದಾಗಿನಿಂದ ಹೆಂಡದ ವಾಸನೆ ಕಂಡರಾಗದ ಮನುಷ್ಯ. “ನಾ ಯಾವಾಗ ಸತ್ನಿ? ಬಜ್ಜಿ ತಿಂದ ಮ್ಯಾಲೋ, ತಿನ್ನೂಕಿಂತ ಮೊದಲೋ?” ಎಂದ. ಹೆಂಡತಿಯ ಮುಖ ನೋಡಿ ನಗು ಅಲ್ಲೇ ನಿಂತಿತು.

ಅಷ್ಟು ಹೊತ್ತಿಗೆ ಪ್ರಹ್ಲಾದ ಬಂದ. ಸುತ್ತ ಸೇರಿದ ಜನರನ್ನು ನೋಡಿ ಅವನಿಗೆ ಗಾಬರಿ. “ಅಮ್ಮ, ಟೆನ್ಶನ್ ತಗೋಬೇಡಿ. ಬನ್ನಿ, ಒಳಗೆ ಕೂತು ಮಾತಾಡೋಣ.”

“ಹೊರಗ ಬರದೀರಿ, ಒಳಗ ಯಾಕ ಮಾತಾಡೂದು? ಇಲ್ಲೇ ಹೇಳ್ರಿ. ಇದನ್ನ ಬರದವ್ರು ಯಾರು?”

“ನಮ್ಮ ಟೀಮ್ ಬರ್ದಿದ್ದು. ನೋಡಿ, ಜನಕ್ಕೆ ಒಂದು ಕಥೆ ಬೇಕು. ಸುಮ್ನೆ ತೋರಣ ಅಂದ್ರೆ ಯಾರೂ ನಿಲ್ಲಲ್ಲ. ಮನಸ್ಸು ಕರಗಬೇಕು. ಇದೆಲ್ಲ ನಿಮ್ಮ ಒಳ್ಳೇದಕ್ಕೇ ತಾನೇ?”

“ನಮ್ಮನಿಯವ್ರನ್ನ ಕೊಂದು ನನಗ ಒಳ್ಳೇದು ಮಾಡಿದ್ರೇನು?”

“ಹಾಗಲ್ಲಮ್ಮ, ಇದು ಒಬ್ಬರ ಬಗ್ಗೆ ಅಲ್ಲ. ನಿಮ್ಮಂಥ ಎಷ್ಟೋ ಹೆಂಗಸರ ಕಥೆ. ಫೋಟೋ ಮಾತ್ರ ನಿಮ್ಮದು.”

ಈ ಮಾತನ್ನು ಅವನು ಸಮಾಧಾನ ಹೇಳುವ ದನಿಯಲ್ಲಿ, ಮುಗುಳ್ನಗುತ್ತ ಹೇಳಿದ. ಯಾರದೋ ಸಾವು, ಯಾರದೋ ಕುಡಿತ, ಯಾರದೋ ಕಸ, ಎಲ್ಲ ತಂದು ಈಕೆಯ ಮುಖದ ಕೆಳಗೆ ಅಂಟಿಸಿ, ಅದರಲ್ಲೇನು ತಪ್ಪು ಎನ್ನುವವನ ಜೊತೆ ಯಾರು ಏನು ಮಾತಾಡಬೇಕು?

ಶಿವದೇವಿ ಅಮರಯ್ಯನ ರಟ್ಟೆ ಹಿಡಿದು ಮುಂದಕ್ಕೆ ಎಳೆದಳು. “ನೋಡ್ರಿ, ಇವರು ನಮ್ಮನಿಯವ್ರು. ಇಲ್ಲೇ ನಿಂತಾರ. ಕಣ್ಣಿದ್ದವ್ರಿಗೆ ಕಾಣ್ತೈತಿ. ಆ ಸುಳ್ಳು ಈಗ ಬಿತ್ತು, ಹೋತು. ಬಟ್ಟಿ ಕಸದಾಗಿಂದು ಅಂದೀರಿ, ಮೂಸಿ ನೋಡ್ರಿ, ಅದೂ ಗೊತ್ತಾಕ್ಕೈತಿ. ಆದ್ರ ನನಗ ಹೊಲಿಗಿ ಕಲಿಸಿದವ್ರು ನೀವು ಅಂತ ಬರದೀರಲ್ಲ?” ಅವಳು ಗಂಡನ ರಟ್ಟೆ ಬಿಟ್ಟಳು. “ನಮ್ಮವ್ವ ಸತ್ತಾಳ್ರಿ. ಆಕಿ ಎಲ್ಲಿಂದ ಬಂದು ನಿಂತು ಹೇಳ್ಬೇಕು? ನನ್ನ ಮನ್ಯಾಗ ಕುಂತು ಅಷ್ಟೂ ಕೇಳಿದ್ರಿ. ಆಕಿ ಹೆಸರು ಕೇಳಿದ್ರಿ. ಕೇಳಿ ಅಳಿಸಿದ್ರಿ.”

ಪ್ರಹ್ಲಾದನ ಮುಗುಳ್ನಗೆ ಈಗ ಮಾಯವಾಗಿತ್ತು. “ಸರಿಯಮ್ಮ, ತಪ್ಪಾಯ್ತು ಅಂತಲೇ ಇಟ್ಕೊಳ್ಳಿ. ನಾಳೆ ಬೇರೆ ಪ್ರಿಂಟ್ ಹಾಕಿಸ್ತೀನಿ.”

“ಮೇಳ ಇವತ್ತ ಮುಗೀತೈತಿ.”

ಶಿವದೇವಿ ಮೇಜಿನ ಹಿಂದೆ ಹೋಗಿ ಫ್ಲೆಕ್ಸಿನ ದಾರ ಹಿಡಿದು ಎಳೆದಳು. ಅದು ಕೆಳಗೆ ಬಿತ್ತು. ಯಾರೂ ತಡೆಯಲಿಲ್ಲ. ಅದನ್ನು ಮಗುಚಿ ಹಾಕಿದಳು. ಹಿಂದುಗಡೆ ಬರೀ ಬಿಳುಪು. ರಂಗೋಲಿ ಸ್ಪರ್ಧೆಯ ಮೇಜಿನ ಮೇಲೆ ದಪ್ಪ ಮಾರ್ಕರ್ ಬಿದ್ದಿತ್ತು, ಅದನ್ನು ತಂದು ಹರ್ಷಿತಾಳ ಮುಂದೆ ಹಿಡಿದಳು.

“ಬರಿ. ಇಂಗ್ಲಿಷಿನಾಗ ಬರಿ. ಇದನ್ನ ಹೊಲದಾಕಿ ಶಿವದೇವಿ. ಕಲಿಸಿದಾಕಿ ಆಕಿ ಅವ್ವ ಬಂಡೆಮ್ಮ. ಅಷ್ಟ ಸಾಕು.”

ಹರ್ಷಿತಾ ಮಾರ್ಕರ್ ತೆಗೆದುಕೊಂಡಳು. ಪ್ರಹ್ಲಾದ ಅವಳನ್ನು ನೋಡಿದ. ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿ. ಮಾರ್ಕರಿನ ಮುಚ್ಚಳ ತೆಗೆಯಲಿಲ್ಲ. “ಆಂಟಿ, ಪ್ಲೀಸ್... ಆಮೇಲೆ ಮಾಡೋಣ” ಎಂದು ಮೆಲ್ಲಗೆ ಅಂದಳು. ಕಣ್ಣಿಂದ ನೀರು ಇಳಿಯಿತು.

ಶಿವದೇವಿ ಅವಳನ್ನೇ ಒಂದು ಗಳಿಗೆ ದಿಟ್ಟಿಸಿದಳು. ತನ್ನ ಕೈಯ ರೊಟ್ಟಿ ತಿಂದ ಹುಡುಗಿ. ಬಂಡೆಮ್ಮನ ಕಥೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದ ಹುಡುಗಿ. ಮಾರ್ಕರನ್ನು ಅವಳ ಕೈಯಿಂದ ತೆಗೆದುಕೊಂಡು ನೆಲದ ಮೇಲೆ ಮಂಡಿಯೂರಿದಳು. ಮೊಣಕಾಲಿನ ನೋವಿಗೆ ಮುಖ ಕಿವುಚಿತು. ಊರ ಶಾಲೆಯಲ್ಲಿ ಕಲಿತಿದ್ದ ಕನ್ನಡದಲ್ಲಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಳು. ‘ಹೊಲಿದವಳು ಶಿವದೇವಿ. ಕಲಿಸಿದವಳು ನಮ್ಮವ್ವ ಬಂಡೆಮ್ಮ. ನನ್ನ ಗಂಡ ಅಮರಯ್ಯ ಇಲ್ಲೇ ಇದ್ದಾರೆ.’

“ಅಮ್ಮ, ಇಲ್ಲಿ ಕನ್ನಡ ಯಾರು ಓದ್ತಾರೆ?” ಎಂದ ಪ್ರಹ್ಲಾದ.

“ಓದಾಕ ಬರಲಿಲ್ಲಂದ್ರ ಕೇಳ್ತಾರ. ಕೇಳಿದ್ರ ಹೇಳ್ತೀನಿ. ನನಗ ಬಾಯಿ ಐತಿ.”

ಅಮರಯ್ಯ ತಟ್ಟೆ ಕೆಳಗಿಟ್ಟು, ಕೈ ಧೋತರಕ್ಕೆ ಒರೆಸಿಕೊಂಡು, ಫ್ಲೆಕ್ಸನ್ನು ಮೇಲೆತ್ತಿ ಕಟ್ಟಿದ. ಮೇಳ ಮುಗಿಯುವವರೆಗೂ ಇಬ್ಬರೂ ಅದರ ಮುಂದೆ ನಿಂತರು. ಬಂದವರು ಇದೇನು ಬರೆದಿದೆ ಎಂದು ಕೇಳಿದರು. ಶಿವದೇವಿ ತನ್ನ ಹರಕುಮುರುಕು ಹಿಂದಿಯಲ್ಲಿ, ತೆಲುಗಿನಲ್ಲಿ ಹೇಳಿದಳು. ಮೊದಲು ಸಿಟ್ಟಿನಿಂದ ಹೇಳಿದಳು. ಹೇಳುತ್ತ ಹೇಳುತ್ತ ಸಿಟ್ಟು ಇಳಿಯಲಿಲ್ಲ, ಮಾತು ಮಾತ್ರ ಸರಾಗವಾಯಿತು. ಆಗಲೇ ಕೊಂಡುಕೊಂಡಿದ್ದ ಇಬ್ಬರು ಮೂವರು ತೋರಣ ವಾಪಸು ತಂದು ಮೇಜಿನ ಮೇಲಿಟ್ಟು ಮುಖ ತಿರುಗಿಸಿ ಹೋದರು. ಬಡವಳಲ್ಲದ ಹೆಂಗಸಿನ ತೋರಣ ಅವರಿಗೆ ಬೇಡವಾಗಿತ್ತು! ಮೊದಲು ಕೈ ಹಿಡಿದು ಅತ್ತ ಹೆಂಗಸು ಮಾತ್ರ ಹೋಗಲಿಲ್ಲ. ನಾಚಿಕೊಂಡು ನಿಂತಿದ್ದಳು. “ನಾನು ಇದನ್ನು ವಾಪಸು ಕೊಡುವುದಿಲ್ಲ. ಈ ಗಿಳಿ ನನಗೆ ಬೇಕು” ಎಂದು ಹಿಂದಿಯಲ್ಲಿ ಹೇಳಿ ತೋರಣವನ್ನು ಎದೆಗೆ ಒತ್ತಿಕೊಂಡಳು. ಉತ್ತರ ಕರ್ನಾಟಕದ ಇಬ್ಬರು ಹುಡುಗರು ದೂರದಿಂದ ಕನ್ನಡ ಅಕ್ಷರ ಕಂಡು ಓಡಿ ಬಂದು, “ನಮ್ಮ ಮನ್ಯಾಗೂ ಇಂಥಾ ಕುಂಚಿಗಿ ಇತ್ರಿ” ಎಂದು ಮಾತಿಗೆ ನಿಂತರು.

ಸಂಜೆ ಬಸ್ಸಿನಲ್ಲಿ ಅಮರಯ್ಯ, “ಹೋಗ್ಲಿ ಬಿಡು, ನಾ ಅಂತೂ ಬದಕೀನಲ್ಲ” ಎಂದ. ಶಿವದೇವಿ ಅವನ ಮೇಲೆ ಹರಿಹಾಯ್ದಳು. “ನಿಮಗ ಎಲ್ಲಾ ನಗಿ. ನಿಮ್ಮನ್ನ ಕುಡುಕ ಅಂದಾರ. ಸಿಟ್ಟ ಬರಂಗಿಲ್ಲೇನು?” ಅವನು ಬಸ್ ಟಿಕೆಟು ಮಡಚಿ ಜೇಬಿಗಿಟ್ಟ. ಆಮೇಲೆ, “ಬಂದೈತಿ. ಆದ್ರ ನೀ ಅಷ್ಟು ಸಿಟ್ಟಾಗಿದ್ದಿ, ನಾನೂ ಆದ್ರ ಯಾರು ಫ್ಲೆಕ್ಸ್ ಕಟ್ಟೂದು?” ಎಂದ. ಅವಳಿಗೆ ಅಳು ಬಂತು.

ದೀಪಾವಳಿಯ ಪಾಡ್ಯದ ದಿನ ಹರ್ಷಿತಾ ಬಂದಳು. ಕೈಯಲ್ಲಿ ಮೈಸೂರುಪಾಕಿನ ಡಬ್ಬಿ. ಬಾಗಿಲಲ್ಲೇ ನಿಂತಳು. ಶಿವದೇವಿ ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

“ಆಂಟಿ, ಆ ಬರಹ ನಾನು ಬರೆದಿದ್ದಲ್ಲ. ಆದರೆ ಮೇಳಕ್ಕೆ ಮುಂಚೆ ಓದಿದ್ದೆ. ಇದು ಸುಳ್ಳು ಅಂತ ಹೇಳ್ಬೇಕು ಅಂದ್ಕೊಂಡೆ, ಹೇಳ್ಲಿಲ್ಲ. ಅದನ್ನೇ ಅವರು ಮೇಳದ ದಿನ ಇಡೀ ಆಫೀಸಿಗೆ ಮೇಲ್ ಕೂಡ ಮಾಡಿದ್ರು. ಮೊನ್ನೆ ನಾನು ಎಲ್ರಿಗೂ ಇನ್ನೊಂದು ಮೇಲ್ ಹಾಕ್ದೆ. ಅದು ಸುಳ್ಳು, ನಿಜ ಇದು, ನಿಮ್ಮಮ್ಮನ ಹೆಸರು ಬಂಡೆಮ್ಮ ಅಂತ. ಪ್ರಹ್ಲಾದ್ ನನ್ನನ್ನ ಟೀಮಿಂದ ತೆಗೆದ್ರು.”

“ಕೆಲಸಕ್ಕೇನು ತೊಂದ್ರಿ ಇಲ್ಲಲ್ಲ?”

“ಇಲ್ಲ. ಬೈದ್ರು ಅಷ್ಟೆ.”

ಶಿವದೇವಿ ಒಳಗೆ ಹೋಗಿ ತಟ್ಟೆ ಹಾಕಿದಳು. ಹೋಳಿಗೆ ಬಡಿಸಿ ತುಪ್ಪ ಹಾಕಿದಳು. ಹರ್ಷಿತಾ ಉಣ್ಣುವಾಗ ಎದುರಿಗೆ ಕೂತು ಹೇಳಿದಳು, “ಚಲೋ ಮಾಡಿದಿ. ಆದ್ರ ಅವತ್ತು ನಾ ಮಾರ್ಕರ್ ಕೊಟ್ಟಾಗ ಬರದಿದ್ರ ಇದಕ್ಕಿಂತ ಚಲೋ ಇತ್ತು. ನನ್ನ ಸಿಟ್ಟು ಇನ್ನಾ ಹೋಗಿಲ್ಲ ತಂಗಿ. ಹೋದಾಗ ಹೇಳ್ತೀನಿ. ಅಲ್ಲೀಮಟಾ ಊಟಕ್ಕ ಬರೂದು ಬಿಡಬ್ಯಾಡ.”

ಹರ್ಷಿತಾ ಬಿಡಲಿಲ್ಲ. ಆ ಚಳಿಗಾಲವೆಲ್ಲ ಭಾನುವಾರ ಬಂದು, ಮೊದಲಿನಷ್ಟು ಹರಟದೆ, ಉಂಡು ಹೋಗುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಶಿವದೇವಿ ಅವಳಿಗೊಂದು ಸೀರೆಯ ಬ್ಲೌಸು ಹೊಲಿದುಕೊಟ್ಟಳು. ಸಿಟ್ಟು ಹೋಯಿತು ಅಂತ ಬಾಯಿಬಿಟ್ಟು ಹೇಳಲಿಲ್ಲ. ಹುಡುಗಿಯೂ ಕೇಳಲಿಲ್ಲ.

ಆದರೆ ಹೊರಗೆ ಹೋದ ಸುಳ್ಳು ಹೊರಗೇ ತಿರುಗುತ್ತಿತ್ತು. ಮರುವರ್ಷ ಶ್ರಾವಣದಲ್ಲಿ ಗಿರಣಿಯ ಮುಂದೆ ಒಂದು ಕಾರು ನಿಂತಿತು. ಇನ್ನಾವುದೋ ಕಂಪನಿಯ ಕನ್ನಡದ ಹೆಂಗಸೊಬ್ಬಳು ಇಳಿದು, ಮೈಯೆಲ್ಲ ಹಿಟ್ಟಾಗಿದ್ದ ಅಮರಯ್ಯನನ್ನು ಕೇಳಿದಳು, “ಚಿಂದಿ ಆರಿಸಿ ತೋರಣ ಹೊಲಿಯುವ ವಿಧವೆ ಇಲ್ಲೇ ಇದ್ದಾರಂತಲ್ಲ? ಅವರ ಕಥೆ ಓದಿದ್ದೆ. ನಮ್ಮ ಮೇಳಕ್ಕೂ ಬೇಕಿತ್ತು.”

ಅಮರಯ್ಯ ಗಿರಣಿ ನಿಲ್ಲಿಸಿದ. ಗಲ್ಲಿಯಲ್ಲಿ ಒಮ್ಮೆಲೆ ಸದ್ದಡಗಿತು. “ಮ್ಯಾಲೆ ಅದಾಳ್ರಿ” ಎಂದು ಮೆಟ್ಟಿಲು ತೋರಿಸಿದ. “ನಾ ಅಕಿ ಗಂಡ. ಹೋಗಿ ಮಾತಾಡ್ರಿ. ಆದ್ರ ಈಗ ಕೇಳಿದಂಗ ಅಲ್ಲಿ ಕೇಳಬ್ಯಾಡ್ರಿ.”

ಮೇಲೆ ಹೋದ ಹೆಂಗಸು ತಡವರಿಸಿ ಕ್ಷಮೆ ಕೇಳಿದಳು. ಶಿವದೇವಿ ಟ್ರಂಕು ತೆರೆದು ತೋರಣ ತೋರಿಸಿದಳು. ಬೇಕಾದಷ್ಟು ಹೊಲಿದುಕೊಡುತ್ತೇನೆ ಎಂದಳು. ಒಂದೇ ಷರತ್ತು, ಫೋಟೋ ಹಾಕಕೂಡದು, ಕಥೆ ಬರೆಯಕೂಡದು. ಬರೆದರೆ ಹೊಲಿದವಳು ಯಾರು, ಕಲಿಸಿದವಳು ಯಾರು ಎಂಬ ಎರಡು ಸಾಲು ಮಾತ್ರ. ಹೆಂಗಸು ಯೋಚಿಸಿದಳು. ಬಟ್ಟೆ ಚೆನ್ನಾಗಿದೆ, ಕೆಲಸ ಚೆನ್ನಾಗಿದೆ, ಆದರೆ ಜನರಿಗೆ ಏನಾದರೂ ಹೇಳಬೇಕಲ್ಲ, ಬರೀ ಇಷ್ಟೇ ಆದರೆ ಹೇಗೆ ಎಂದಳು.

“ಇಷ್ಟ ಐತಿ. ಸಾಕಾಗಲಿಲ್ಲಂದ್ರ ಬ್ಯಾಡ.”

ವಿಚಾರ ಮಾಡಿ ಫೋನ್ ಮಾಡುತ್ತೇನೆ ಎಂದು ಹೋದವಳು ಮಾಡಲಿಲ್ಲ. ಅವಳು ಬಂದುಹೋದ ದಿನವೆಲ್ಲ ಶಿವದೇವಿಯ ಮೈ ಉರಿಯುತ್ತಿತ್ತು. ಪಾತ್ರೆ ಕುಕ್ಕಿದಳು, ಗಂಡನಿಗೆ ಬೈದಳು, ನೀರು ಬಿಡದ ನಲ್ಲಿಗೂ ಬೈದಳು. ಮಧ್ಯಾಹ್ನ ಎದುರಿನ ಹಾಸ್ಟೆಲ್ಲಿನ ಹೊಸ ಹುಡುಗಿಯರಿಬ್ಬರು ಬಂದು, ವರಮಹಾಲಕ್ಷ್ಮಿ ಹಬ್ಬಕ್ಕೆ ತಮ್ಮ ರೂಮಿನ ಬಾಗಿಲಿಗೆ ತೋರಣ ಬೇಕು, ಊರಿನಲ್ಲಿ ಅಮ್ಮ ಕಟ್ಟುತ್ತಿದ್ದಳು ಎಂದರು. ಶಿವದೇವಿ ಇನ್ನೂ ಕೆಂಪಗಿದ್ದ ಮುಖದಲ್ಲೇ ಅವರನ್ನು ಕೂರಿಸಿ, ಹಸಿರು ತುಂಡು ಆರಿಸತೊಡಗಿದಳು.